ಜೋಗಿಯ ಪಿತ್ತ, ಹಾಲಿಯ ಜರಡಿ

ಹುಬ್ಬತಲೈ ಹಟ್ಟಿಯ ಹಾಲಿ ಎಂಬ ಹೆಂಗಸಿನ ಹೆಸರು ಕುನ್ನೂರಿನ ಆಸ್ಪತ್ರೆಯವರೆಗೂ ಹೋಗಿತ್ತು. ಯಾಕೆ ಹೋಗಿತ್ತು ಅನ್ನುವುದು ಊಟಕ್ಕೆ ಕೂತಾಗ ಹೇಳುವ ಮಾತಲ್ಲ. ಉಂಡು ಕೈ ತೊಳೆದವರು ಮುಂದೆ ಓದಿದರೆ ಒಳ್ಳೆಯದು. ಉಣ್ಣುತ್ತಲೇ ಓದುತ್ತೇವೆ ಅನ್ನುವ ಗಟ್ಟಿ ಜೀವಗಳಿಗೆ ಬೇಡ ಅನ್ನುವವರು ಯಾರು?

ಸಾವಿರದ ಒಂಬೈನೂರ ಮೂವತ್ತೊಂದನೆಯ ಇಸವಿ. ಹಾಲಿಗೆ ಆಗ ನಲವತ್ತೈದರ ಆಸುಪಾಸು. ಗುಡ್ಡದ ಮೈಗೆ ಅಂಟಿಕೊಂಡ ನಾಲ್ಕು ಪಟ್ಟಿ ಆಲೂಗಡ್ಡೆ ಹೊಲ, ಎರಡು ಎಮ್ಮೆ, ಹೊಸದಾಗಿ ನೆಟ್ಟ ಒಂದಿಷ್ಟು ಚಹಾ ಗಿಡ, ಇವಿಷ್ಟೂ ಅವಳ ಕೈಯಲ್ಲೇ ನಡೆಯುತ್ತಿದ್ದವು. ಹಟ್ಟಿಯಲ್ಲಿ ಕುರಿ ಕಡಿದರೆ ಒಳಗಿನ ಭಾಗ ಬಿಡಿಸಲು ಹಾಲಿಯೇ ಬೇಕು. ಈಲಿಯ ಕೆಳಗೆ, ಅದೇ ನಮ್ಮ ಲಿವರ್ ಅನ್ನುತ್ತಾರಲ್ಲ ಅದರ ಕೆಳಗೆ, ಹಸಿರು ಪಿತ್ತದ ಚೀಲ ನೇತಾಡುತ್ತಿರುತ್ತದೆ. ಅದು ಒಡೆದು ಒಂದು ತೊಟ್ಟು ತಾಗಿದರೂ ಸಾಕು, ಸಾರು ಕಹಿಯಾಗಿ ಹಟ್ಟಿಗೆ ಹಟ್ಟಿಯೇ ಮುಖ ಕಿವುಚಬೇಕು. ಹಾಲಿ ಎರಡು ಬೆರಳಲ್ಲಿ ಹಿಡಿದು ಒಂದು ತಿರುವು ಕೊಟ್ಟರೆ ಚೀಲ ಹಾಗೇ ಕೈಗೆ ಬರುತ್ತಿತ್ತು. ಬಾಯಿ ಮಾತ್ರ ಆ ಚೀಲದ ಹಾಗೇ ಕಹಿ ಎಂದು ಅವಳ ಗಂಡ ಜೋಗಿ ಹೇಳುತ್ತಿದ್ದ, ಅವಳು ದೂರ ಇದ್ದಾಗ.

ಜೋಗಿ ಐವತ್ತು ದಾಟಿದ ಗುಂಡು ಮನುಷ್ಯ. ನಗುವುದು, ಉಣ್ಣುವುದು, ಗೆಡ್ಡೆ ಮೂಟೆ ಹೊತ್ತು ಕುನ್ನೂರು ಸಂತೆಗೆ ಹೋಗುವುದು, ಬರುವಾಗ ಎರಡು ಗ್ಲಾಸು ಸಾರಾಯಿ ಹಾಕಿ ಬರುವುದು. ಇಷ್ಟರಲ್ಲಿ ಅವನ ಬದುಕು ಮುಗಿಯುತ್ತಿತ್ತು. ಬೆಣ್ಣೆ ಕಂಡರೆ ಪ್ರಾಣ. ಗಂಜಿಗೂ ಬೆಣ್ಣೆ, ಗೆಡ್ಡೆಗೂ ಬೆಣ್ಣೆ, ಏನೂ ಇಲ್ಲದಿದ್ದರೆ ಬರಿಯ ಬೆಣ್ಣೆ. ಮಗಳು ಬೆಳ್ಳಿಯನ್ನು ಕೀಳ್ ಕೋತಗಿರಿಗೆ ಕೊಟ್ಟ ಮೇಲೆ ಮನೆಯಲ್ಲಿ ಇವರಿಬ್ಬರೇ. ಹಾಲಿ ಬೈಯುವುದು, ಅವನು ಹಲ್ಲು ಕಿರಿಯುವುದು, ಹೀಗೆ ದಿನ ಚೆನ್ನಾಗಿಯೇ ಹೋಗುತ್ತಿತ್ತು.

ಮಾಗಿಯ ಇಬ್ಬನಿ ಬೀಳುವ ಹೊತ್ತಿಗೆ ಜೋಗಿಗೆ ಬಲ ಪಕ್ಕೆಯ ಕೆಳಗೆ ನೋವು ಶುರುವಾಯಿತು. ಉಂಡ ಮೇಲೆ ಹಿಡಿದುಕೊಳ್ಳುವುದು, ಬೆನ್ನಿಗೆ ಹೋಗುವುದು, ಬಿಡುವುದು. ಆಮೇಲೆ ಕಣ್ಣು ಹಳದಿಯಾಯಿತು, ಮೈ ಹಳದಿಯಾಯಿತು, ಮೂತ್ರ ಕರಿ ಕಾಪಿಯ ಬಣ್ಣಕ್ಕೆ ತಿರುಗಿತು. ಮೈಯೆಲ್ಲ ತುರಿಕೆ. ಎಮ್ಮೆ ಉಜ್ಜಿಕೊಳ್ಳುವ ಕಂಬಕ್ಕೆ ತಾನೂ ಬೆನ್ನು ಕೊಟ್ಟು ಉಜ್ಜಿಕೊಳ್ಳುತ್ತಿದ್ದ. ಹಾಲಿ ಅವನನ್ನು ಎಳೆದುಕೊಂಡು ಕುನ್ನೂರಿಗೆ ಹೋದಳು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕಾಮಾಲೆ, ಬೆಣ್ಣೆ ತುಪ್ಪ ಮುಟ್ಟಬೇಡ, ಮದರಾಸಿಗೆ ಹೋದರೆ ಕೊಯ್ದು ನೋಡಿಯಾರು ಅಂದರು.

"ಕೊಯ್ಯೋಕೆ ನಾನೇನು ಕುರಿಯಾ?" ಎಂದು ಜೋಗಿ ಸೀಸೆಯಲ್ಲಿ ಕೊಟ್ಟ ಮದ್ದು ಇಸಿದುಕೊಂಡು ಮನೆಗೆ ಬಂದ. ಬಂದವನು ಹಾಸಿಗೆ ಹಿಡಿದ.

ಹಟ್ಟಿಯವರಿಗೆ ಡಾಕ್ಟರು ಬೇಕಿರಲಿಲ್ಲ. ಸಾರಾಯಿ ಈಲಿಯನ್ನು ತಿಂದು ಮುಗಿಸಿದೆ ಎಂದು ಅವರೇ ತೀರ್ಮಾನ ಮಾಡಿಬಿಟ್ಟರು. ಹಾಲಿಗೆ ಹೊಟ್ಟೆ ಉರಿಯಿತು. ಇಪ್ಪತ್ತಾರು ವರ್ಷದಿಂದ ಸಾರಾಯಿಗೆ ಅವನನ್ನು ಬೈಯುತ್ತಾ ಬಂದವಳು ಅವಳು. ಆ ಕೆಲಸಕ್ಕೆ ಈಗ ಊರವರೆಲ್ಲ ಕೈ ಹಾಕಿದರೆ ಯಾರಿಗಾದರೂ ಉರಿಯುತ್ತದೆ.

ಎರಡು ವಾರ ಕಳೆದರೂ ಹಳದಿ ಇಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಹಿರಿಯ ಬಂದ. ಅವನ ಹೆಸರೇ ಹಿರಿಯ. ಜೋಗಿಯ ದೊಡ್ಡಪ್ಪ, ಎಂಬತ್ತು ದಾಟಿದರೂ ಕೋಲು ಹಿಡಿಯದ ಮುದುಕ. ಸಾವಿನ ವಿಷಯದಲ್ಲಿ ಹಟ್ಟಿಯಲ್ಲಿ ಅವನ ಮಾತೇ ಕೊನೆ, ಸಾಯುವವರು ಒಪ್ಪಲಿ ಬಿಡಲಿ. ಜೋಗಿಯ ಕಣ್ಣಿನ ರೆಪ್ಪೆ ಎಳೆದು ನೋಡಿದ, ಗೋಣು ಆಡಿಸಿದ, ಸೊಂಟದ ಗಂಟು ಬಿಚ್ಚತೊಡಗಿದ.

ಆ ಗಂಟಿನಲ್ಲಿ ಏನಿದೆ ಎಂದು ಎಲ್ಲರಿಗೂ ಗೊತ್ತು. ಬಡಗರ ಹಟ್ಟಿಗಳಲ್ಲಿ ಸಾಯುವವರಿಗೆ ಹಣ ಎಂಬ ಒಂದು ಪುಟ್ಟ ಚಿನ್ನದ ನಾಣ್ಯವನ್ನು ಬೆಣ್ಣೆಯಲ್ಲಿ ಅದ್ದಿ ನುಂಗಿಸುತ್ತಾರೆ. ಉದ್ದಿನ ಕಾಳಿಗಿಂತ ಒಂದಿಷ್ಟು ದೊಡ್ಡದು, ಅಷ್ಟೇ. ದಾರಿ ದೂರ, ಬರಿಗೈಯಲ್ಲಿ ಹೋಗಬಾರದು ಎಂದು. ಹಿರಿಯ ತನಗೆಂದು ಮೂವತ್ತು ವರ್ಷದಿಂದ ಒಂದನ್ನು ಸೊಂಟದಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದ. ಅದನ್ನು ಈಗ ತಮ್ಮನ ಮಗನಿಗೆ ಕೊಡಲು ಹೊರಟಿದ್ದ. ದೊಡ್ಡ ಮನಸ್ಸೇ, ಇಲ್ಲ ಅನ್ನುವಂತಿಲ್ಲ.

ಹಾಲಿ ಅಡ್ಡ ನಿಂತಳು. "ಮಾಮ, ಇನ್ನೂ ಹೊತ್ತು ಹೊತ್ತಿಗೆ ಗಂಜಿ ಕೇಳ್ತಾನೆ. ಗಂಜಿ ಕೇಳೋನಿಗೆ ಹಣ ಯಾಕೆ?"

"ನಿನಗ ಗೊತ್ತಿಲ್ಲ ಸುಮ್ಮನಿರು," ಅಂದ ಹಿರಿಯ. "ಎನ್ನ ತಮ್ಮನಿಗೆ ನಾಳೆ ಕೊಡಾಣ, ನಾಡಿದ್ದು ಕೊಡಾಣ ಅಂತ ಕೂತೆವು. ಹಲ್ಲು ಕಚ್ಚಿಕೊಂಡುಬಿಟ್ಟ. ಬಾಯೊಳಗೆ ಹೋಗಬೇಕಾದ್ದು ತೋಳಿಗೆ ಕಟ್ಟಬೇಕಾಯ್ತು. ಆ ನಾಚಿಕೆ ಇನ್ನೂ ಹೋಗಿಲ್ಲ. ಇವನ ಬಾಯಿ ತೆರೆದಿರೋವಾಗಲೇ ಆಗಲಿ."

ಜೋಗಿಯ ತಂಗಿ ಕೆಂಪಿ ಅಣ್ಣನ ಕಾಲ ಬಳಿ ಕೂತು ಆಗಲೇ ಮೂಗು ಒರೆಸಿಕೊಳ್ಳುತ್ತಿದ್ದಳು. ಅವಳೇ ಎದ್ದು ಬೆಣ್ಣೆ ತಂದಳು. ಹಣ ಸಣ್ಣದು, ಹಿರಿಯನ ಕೈ ದೊಡ್ಡದು, ಬೆಣ್ಣೆ ನಿಂಬೆಹಣ್ಣಿನಷ್ಟಾಯಿತು. ಎರಡು ವಾರ ಬೆಣ್ಣೆಯ ವಾಸನೆ ಕೂಡ ಕಾಣದೆ ಒಣಗಿ ಹೋಗಿದ್ದ ಜೋಗಿ ಆ ಉಂಡೆ ಕಂಡದ್ದೇ ಬಾಯಿ ತೆರೆದ. ಸಾಯುವವನು ಕಣ್ಣೀರು ಹಾಕಬೇಕು, ಹೆಂಡತಿಗೆ ಎರಡು ಮಾತು ಹೇಳಬೇಕು. ಇವನು ಗುಳುಂ ಎಂದು ನುಂಗಿ, ಬೆರಳು ನೆಕ್ಕಿ, "ಇನ್ನೂ ಒಂದಿಷ್ಟು ಇದ್ದರೆ ಕೊಡಿ," ಅಂದ.

ಹಾಲಿ ತಲೆ ಚಚ್ಚಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ನೋವು ಬಂತು. ಹಿಂದೆಂದೂ ಬರದಂಥ ನೋವು. ಜೋಗಿ ಮಂಡಿ ಎದೆಗೆ ಒತ್ತಿಕೊಂಡು ಹೊರಳಾಡಿದ, ಬೆವರಿದ, ಕೂಗಿದ. ಹಣ ತನ್ನ ಕೆಲಸ ಮಾಡುತ್ತಿದೆ ಎಂದು ಎಲ್ಲರಿಗೂ ಅನ್ನಿಸಿತು. ಕೆಂಪಿ ತಲೆಗೂದಲು ಬಿಚ್ಚಿ ಅಳಲು ಶುರುಮಾಡಿದಳು, ಅವಳ ಜೊತೆ ಇನ್ನು ನಾಲ್ಕು ಹೆಂಗಸರು ಸೇರಿಕೊಂಡರು. ಕೀಳ್ ಕೋತಗಿರಿಗೆ ಆಳು ಓಡಿದ. ಹಾಲಿ ಮಾತ್ರ ಅಳಲಿಲ್ಲ. ಗಂಡನ ಬೆನ್ನು ನೀವುತ್ತಾ ಒಬ್ಬೊಬ್ಬರಿಗೂ ಬಾಯಿಗೆ ಬಂದಂತೆ ಬೈದಳು.

ಸಂಜೆಯ ಹೊತ್ತಿಗೆ ನೋವು ಇಳಿಯಿತು. ಜೋಗಿ ಕಣ್ಣು ಬಿಟ್ಟು, ಸುತ್ತ ಕೂತವರನ್ನು ನೋಡಿ, "ಗಂಜಿ ಆಯ್ತಾ?" ಅಂದ.

ಹಣ ನುಂಗಿದವರು ಯಾರೂ ಗಂಜಿ ಕೇಳಿದ್ದು ಹಟ್ಟಿಯಲ್ಲಿ ಇಲ್ಲ. ಅಳುತ್ತಿದ್ದವರು ಅಳು ನಿಲ್ಲಿಸಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮರುದಿನ ಬೆಳ್ಳಿ ಅತ್ತೆ ಮನೆಯವರನ್ನೆಲ್ಲ ಕಟ್ಟಿಕೊಂಡು ಅಳುತ್ತಾ ಬಂದಳು. ಅಪ್ಪ ಜಗಲಿಯ ಬಿಸಿಲಿಗೆ ಕೂತು ಕಾಲು ತುರಿಸಿಕೊಳ್ಳುತ್ತಿದ್ದ. ಬಂದವರು ಸಿಟ್ಟು ಮಾಡಬೇಕೋ ಸಂತೋಷಪಡಬೇಕೋ ತಿಳಿಯದೆ ಉಂಡು ಹೋದರು.

ಹಿರಿಯನಿಗೆ ಮಾತ್ರ ಚಿಂತೆ ಹಿಡಿಯಿತು. ಅವನ ಹಣ ಬದುಕಿರುವವನ ಹೊಟ್ಟೆಯಲ್ಲಿ ಕೂತಿದೆ. "ನಾಳೆ ಎನಗ ಏನಾದರೂ ಆದ್ರೆ?" ಎಂದು ಹಾಲಿಯ ಜಗಲಿಯಲ್ಲೇ ಕೂತುಬಿಟ್ಟ. ಹೊಲಕ್ಕೂ ಹೋಗಲಿಲ್ಲ, ಮನೆಗೂ ಹೋಗಲಿಲ್ಲ. ಗಂಟೆಗೊಂದು ಸಲ, "ಬಂತಾ?"

ಹಾಲಿ ಸೀಮೆಎಣ್ಣೆ ಡಬ್ಬದ ಒಂದು ಮಗ್ಗುಲನ್ನು ಕತ್ತರಿಸಿ ತಗಡು ಮಾಡಿ ಹಿತ್ತಲಲ್ಲಿ ಇಟ್ಟಳು. ಸಾಮೆ ಜಾಡಿಸುವ ಹಳೆಯ ಜರಡಿ ತಂದಳು. ಗೆಡ್ಡೆ ಹೊಲದ ಕೆಳಗೆ, ಕುಡಿಯುವ ನೀರಿಗೆ ಸೇರದ ಒಂದು ಸಣ್ಣ ಕಾಲುವೆ ಇತ್ತು. ಬೆಳಿಗ್ಗೆ ಗಂಡನ ಕೆಲಸ ಮುಗಿದದ್ದೇ ತಗಡು ಎತ್ತಿಕೊಂಡು ಅಲ್ಲಿಗೆ ಹೋಗಿ, ಮೂಗಿಗೆ ಸೆರಗು ಕಟ್ಟಿ, ನೀರು ಹುಯ್ದು ಜಾಲಿಸಿದಳು. ಎರಡನೆಯ ದಿನವೇ ಹಣ ಸಿಕ್ಕಿತು. ಹಿರಿಯ ಅದನ್ನು ಮೂರು ಸಲ ಬೂದಿಯಲ್ಲಿ ತಿಕ್ಕಿ, ಮೂರು ಸಲ ತೊಳೆದು, ಮೂಸಿ ನೋಡಿ, ಗಂಟಿಗೆ ಕಟ್ಟಿಕೊಂಡು ಎದ್ದು ಹೋದ. ಊರಿನವರಿಗೆ ಅಲ್ಲಿಗೆ ಆ ಕೆಲಸ ಮುಗಿಯಿತು.

ಹಾಲಿಗೆ ಮುಗಿಯಲಿಲ್ಲ. ಜಾಲಿಸುವಾಗ ಅವಳು ಒಂದು ನೋಡಿದ್ದಳು. ತಗಡಿನ ಮೇಲಿದ್ದದ್ದು ಮನುಷ್ಯರ ಬಣ್ಣದ್ದಲ್ಲ. ಬಿಳಿ. ಗೋಡೆಗೆ ಬಳಿಯುವ ಜೇಡಿಮಣ್ಣಿನ ಹಾಗೆ, ಜಿಡ್ಡು ಜಿಡ್ಡಾಗಿ. ಮೈಯೆಲ್ಲ ಹಳದಿ, ಮೂತ್ರ ಕರಿ, ಇದು ಮಾತ್ರ ಬಿಳಿ. ಇರುವ ಬಣ್ಣವೆಲ್ಲ ಮೇಲೆ ಹತ್ತಿ ಕೆಳಗೆ ಒಂದು ಚೂರೂ ಇಳಿದಿಲ್ಲ ಅಂದರೆ ಏನರ್ಥ? ಇದನ್ನು ಕೇಳುವುದಾದರೂ ಯಾರನ್ನು? ಬುಧವಾರ ಉಟ್ಟ ಮುಂಡು ಬಿಗಿದುಕೊಂಡು ಕುನ್ನೂರಿಗೆ ನಡೆದಳು.

ಡಾಕ್ಟರು ಎಸ್ಟೇಟಿಗೆ ಹೋಗಿದ್ದರು. ಮದ್ದು ಕೊಡುವ ಕಿಂಡಿಯ ಹಿಂದೆ ಕಂಪೌಂಡರ್ ರಾಜಾಮಣಿ ಇದ್ದ. ತಮಿಳಿನವನು. ಹನ್ನೆರಡು ವರ್ಷದಿಂದ ಇದೇ ಕಿಂಡಿಯಲ್ಲಿ ನಿಂತು ಬಡಗರ ಮಾತು ಕಲಿತಿದ್ದ, ಬಡಗರ ಬೈಗುಳ ಅದಕ್ಕಿಂತ ಚೆನ್ನಾಗಿ ಕಲಿತಿದ್ದ. ಹಾಲಿ ನಾಚದೆ ಎಲ್ಲ ಹೇಳಿದಳು. ಬೆಣ್ಣೆಯ ಮಾತು ಬಂದದ್ದೇ ರಾಜಾಮಣಿ ಕೈಯಲ್ಲಿದ್ದ ಸೀಸೆ ಕೆಳಗಿಟ್ಟ.

"ಐಯಯ್ಯೋ! ನಿಂಬೆಹಣ್ಣಿನಷ್ಟು ಬೆಣ್ಣೆಯಾ? ಕೊಲ್ಲೋಕೆ ಹೊರಟಿದ್ರಾ ಅವರನ್ನ?"

"ಸಾಯ್ತಾನೆ ಅಂತಲೇ ಕೊಟ್ಟದ್ದು ಸಾಮಿ."

ರಾಜಾಮಣಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಕೇಳಿದ: "ಅಮ್ಮಾ, ಕುರಿ ಕೊಯ್ದಾಗ ಈಲಿ ಕೆಳಗೆ ಹಸಿರು ಚೀಲ ನೋಡಿದ್ದೀರಾ?"

"ನೋಡೋದೇನು, ಹಟ್ಟಿಗೆಲ್ಲ ಬಿಡಿಸಿ ಕೊಡೋಳೇ ನಾನು."

"ಹಾಗಾದ್ರೆ ನಿಮಗೆ ಹೇಳೋದು ಸುಲಭ. ಮನುಷ್ಯನಿಗೂ ಅದೇ ಇರೋದು. ಪಿತ್ತ ಆ ಚೀಲದಲ್ಲಿ ಹುಟ್ಟೋದಲ್ಲ, ಈಲಿಯಲ್ಲಿ ಹುಟ್ಟೋದು. ಹಗಲೂ ರಾತ್ರಿ ತೊಟ್ಟು ತೊಟ್ಟಾಗಿ ಈಲಿ ಅದನ್ನ ಮಾಡ್ತಾನೇ ಇರುತ್ತೆ. ಕೂದಲಿಗಿಂತ ಸಣ್ಣ ದಾರಿಗಳಲ್ಲಿ ಅದು ಹೊರಡುತ್ತೆ. ಆ ದಾರಿಗಳು ಎರಡೆರಡು ಸೇರಿ, ನಾಲ್ಕು ನಾಲ್ಕು ಸೇರಿ, ಕೊನೆಗೆ ಒಂದೇ ಕೊಳವೆ ಆಗಿ ಕರುಳಿಗೆ ಇಳಿಯುತ್ತೆ."

"ಗುಡ್ಡದ ಊಟೆಗಳೆಲ್ಲ ಸೇರಿ ಕಾಲುವೆಗೆ ಬಂದ ಹಾಗೆ," ಅಂದಳು ಹಾಲಿ.

"ಹಾಗೇ. ಪಕ್ಕದಲ್ಲಿ ಆ ಚೀಲ, ಬೇಡದ ಹೊತ್ತಲ್ಲಿ ಕೂಡಿಡೋಕೆ. ಬೆಣ್ಣೆ ತುಪ್ಪ ಕರುಳಿಗೆ ಇಳಿದದ್ದು ತಿಳಿದ್ರೆ ಚೀಲ ತನ್ನನ್ನೇ ಹಿಂಡಿಕೊಂಡು ಪಿತ್ತ ಕಳಿಸುತ್ತೆ. ಜಿಡ್ಡು ಕರಗೋದು ಅದರಿಂದ. ಆಮೇಲೆ ನೀವು ತಗಡಿನ ಮೇಲೆ ನೋಡ್ತೀರಲ್ಲ, ಆ ಕಂದು ಬಣ್ಣ, ಅದೂ ಪಿತ್ತದ್ದೇ. ಈಗ ಬಿಳಿ ಅಂದ್ರೆ ಏನು?"

"ಕಾಲುವೆ ಕಟ್ಟಿಕೊಂಡಿದೆ."

"ಸರಿಯಾಗಿ ಹೇಳಿದ್ರಿ. ಕೆಳಗೆ ಇಳಿಯೋಕೆ ದಾರಿ ಇಲ್ಲದ ಪಿತ್ತ ಹಿಂದಕ್ಕೆ ತಿರುಗಿ ರಕ್ತಕ್ಕೆ ಸೇರುತ್ತೆ. ಕಣ್ಣಿಗೆ, ಚರ್ಮಕ್ಕೆ, ಮೂತ್ರಕ್ಕೆ. ತುರಿಕೆಯೂ ಅದರದ್ದೇ."

ಹಾಲಿ ಕಿಂಡಿಯ ಸರಳು ಹಿಡಿದುಕೊಂಡಳು. "ಸಾರಾಯಿದಲ್ಲವಾ ಹಾಗಾದ್ರೆ?"

"ಎಷ್ಟು ಕುಡೀತಾರೆ?"

"ಸಂತೆ ದಿನ ಎರಡು ಗ್ಲಾಸು. ಎನಗ ಲೆಕ್ಕ ಹೇಳೋದು ಎರಡು. ನಾಲ್ಕಿರಬಹುದು."

"ದಿನಾ ಕುಡಿದು ಕುಡಿದು ಈಲಿ ಕೆಟ್ಟವರನ್ನ ನಾನು ಇಲ್ಲಿ ನೋಡ್ತೀನಿ. ಈಲಿ ಕಲ್ಲಿನ ಹಾಗೆ ಗಟ್ಟಿಯಾಗಿ, ಕೈಕಾಲು ಬತ್ತಿ, ಹೊಟ್ಟೆ ಮಾತ್ರ ನೀರು ತುಂಬಿ ಮಡಕೆ ಆಗಿರುತ್ತೆ. ನಿಮ್ಮವರ ಹೊಟ್ಟೆ ಹಾಗಿದೆಯಾ?"

"ಅವನ ಹೊಟ್ಟೆ ಬೆಣ್ಣೆದು ಸಾಮಿ. ನೀರಲ್ಲ."

ರಾಜಾಮಣಿ ಈ ಸಲ ನಗಲಿಲ್ಲ. "ಕೊಳವೆಯಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು. ಪಿತ್ತವೇ ಗಟ್ಟಿಯಾಗಿ ಕಲ್ಲಾಗುತ್ತೆ. ಬೆಣ್ಣೆ ಬಿದ್ದಾಗ ಚೀಲ ಹಿಂಡಿದೆ, ಅದಕ್ಕೇ ಆ ನೋವು. ಕಲ್ಲು ಜರುಗಿದ್ರೂ ಜರುಗಿರಬಹುದು, ಚೀಲ ಒಡೆದು ಅಲ್ಲೇ ಪ್ರಾಣ ಹೋಗಲೂಬಹುದಿತ್ತು. ಇನ್ನೊಂದು ಸಲ ಬೆಣ್ಣೆ ಮುಟ್ಟಿಸಿದ್ರೆ ನಾನೇ ಬಂದು ಹೊಡೀತೀನಿ. ಜ್ವರ ಬಂದು ನಡುಗಿದ್ರೆ ತಕ್ಷಣ ಹೊತ್ತು ತನ್ನಿ. ದಿನಾ ಜಾಲಿಸಿ ನೋಡಿ. ಕಲ್ಲು ಬಿದ್ದು ಬಣ್ಣ ತಿರುಗಿದ್ರೆ ಬದುಕಿದ್ರು."

"ತಿರುಗದಿದ್ರೆ?"

"ಕಲ್ಲಲ್ಲದೆ ಗಡ್ಡೆ ಬೆಳೆದು ದಾರಿ ಮುಚ್ಚಿದ್ರೆ ಬಣ್ಣ ತಿರುಗೋದಿಲ್ಲ ಅಮ್ಮಾ. ಈಲಿಯೂ ಮೆಲ್ಲಗೆ ಸೋಲುತ್ತೆ. ಯಾವುದು ಅಂತ ಹೊರಗಿಂದ ಹೇಳೋಕೆ ನನ್ನಿಂದ ಆಗದು. ಡಾಕ್ಟರಿಂದಲೂ ಆಗದು, ಅವರು ಅದನ್ನೇ ಇನ್ನೂ ಗಂಭೀರವಾಗಿ ಹೇಳ್ತಾರೆ."

ಹಾಲಿ ಗುಡ್ಡ ಹತ್ತಿ ಬರುವಾಗ ಎರಡು ಸಲ ಕೂತಳು. ಅವಳಿಗೆ ಹೆದರಿಕೆಯಾಗಿತ್ತು. ಗಂಡ ಸತ್ತರೆ ಹೊಲ ಮಾಡುವವರು ಯಾರು ಎಂಬ ಹೆದರಿಕೆಯಲ್ಲ, ಹೊಲವನ್ನು ಅವಳೇ ಮಾಡುತ್ತಿದ್ದಳು. ಅವನಿಲ್ಲದ ಮನೆ ಅವಳಿಗೆ ಬೇಡವಾಗಿತ್ತು, ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಇದನ್ನು ಅವನಿಗೆ ಹೇಳಿರಲಿಲ್ಲ, ಈಗ ಹೇಗೆ ಹೇಳುವುದೆಂದೂ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಬಿಳಿ. ಹಾಲಿ ಕಾಲುವೆಯಿಂದ ಬಂದು ಬರಿಯ ಗಂಜಿ ಕುದಿಸಿ ಗಂಡನ ಮುಂದೆ ಕುಕ್ಕಿದಳು.

"ಹಿರಿಯನ ಹಣ ಸಿಕ್ತಲ್ಲ. ಇನ್ನೂ ಏನು ಹುಡುಕ್ತೀಯ?" ಅಂದ ಜೋಗಿ.

"ನಿನ್ನ ಕರ್ಮ ಹುಡುಕ್ತೀನಿ. ಉಣ್ಣು."

"ನಾನು ಹೋದ್ರೆ ನಿನಗ ಬೈಯೋಕೆ ಯಾರೂ ಇರೋದಿಲ್ಲ ನೋಡು. ಎಮ್ಮೆಗಳಿಗೆ ಬೈದ್ರೆ ಹಾಲು ಕಡಿಮೆ ಮಾಡ್ತವೆ."

ಹಾಲಿ ಎದ್ದು ಒಳಗೆ ಹೋದಳು. ಒಲೆಯ ಮುಂದೆ ಕೂತು ಉರಿಯುತ್ತಿದ್ದ ಸೌದೆಯನ್ನು ಸುಮ್ಮನೆ ಮುಂದಕ್ಕೂ ಹಿಂದಕ್ಕೂ ತಳ್ಳಿದಳು. ಹೊರಗೆ ಜೋಗಿ ಗಂಜಿ ಸೊರಸೊರ ಕುಡಿಯುವುದು ಕೇಳುತ್ತಿತ್ತು.

ಶುಕ್ರವಾರವೂ ಬಿಳಿ. ಕೆಂಪಿ ಬಂದು, "ಇದೇನತ್ತಿಗೆ ಅಸಹ್ಯ, ದಿನಾ ಅದನ್ನ ತೊಳೀತಾ ಕೂತ್ಕೋತೀರಲ್ಲ, ಹಟ್ಟಿಯವರು ನಗ್ತಾರೆ," ಅಂದಳು. "ನಗಲಿ. ಬದುಕಿರೋ ಅಣ್ಣನಿಗೆ ಕೂದಲು ಬಿಚ್ಚಿ ಅತ್ತೋಳಿಗಿಂತ ನಾನೇ ವಾಸಿ," ಎಂದು ಹಾಲಿ ಬಾಯಿ ಮುಚ್ಚಿಸಿದಳು. ಅದೇ ದಿನ ಮಧ್ಯಾಹ್ನ ಬೆಣ್ಣೆ ಇಲ್ಲದೆಯೇ ಜೋಗಿಗೆ ಮತ್ತೆ ನೋವು ಕಿತ್ತುಕೊಂಡು ಬಂತು. ಈ ಸಲ ಅವನು ತಮಾಷೆ ಮಾಡಲಿಲ್ಲ. ಹಾಲಿಯ ಮಣಿಕಟ್ಟು ಹಿಡಿದವನು ಬಿಡಲೇ ಇಲ್ಲ. ಅವನ ಉಗುರು ಊರಿದ ಜಾಗದಲ್ಲಿ ನಾಲ್ಕು ಗೆರೆ ಕೆಂಪಗೆ ಎದ್ದವು. ಹೊತ್ತು ಇಳಿಯುವ ಮುಂಚೆ ನೋವು ಇದ್ದಕ್ಕಿದ್ದ ಹಾಗೆ ನಿಂತಿತು. ಜೋಗಿ ಒದ್ದೆಯಾದ ಮುಖ ಒರೆಸಿಕೊಂಡು ಮಲಗಿಬಿಟ್ಟ. ಜ್ವರ ಬಂದೀತೆಂದು ಹಾಲಿ ಅವನ ಹಣೆ ಮುಟ್ಟಿ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು.

ಶನಿವಾರ ಬಿಸಿಲು ಬಂದ ಮೇಲೆ ಅವಳು ಹಿತ್ತಲಿಗೆ ಹೋದಳು. ತಗಡಿನ ಕಡೆ ನೋಡಲು ಧೈರ್ಯ ಬರಲಿಲ್ಲ. ಮುಖ ಆಚೆ ಮಾಡಿ ಎತ್ತಿಕೊಂಡು, ಕಾಲುವೆಯವರೆಗೂ ಹಾಗೇ ನಡೆದು, ಅಲ್ಲಿ ಕುಕ್ಕರಗಾಲಲ್ಲಿ ಕೂತು, ಉಸಿರು ಹಿಡಿದು ನೋಡಿದಳು.

ಕಂದು.

ಸೆಗಣಿ ಬಣ್ಣವೂ ಅಲ್ಲ, ಮಣ್ಣಿನ ಬಣ್ಣವೂ ಅಲ್ಲ. ಮನುಷ್ಯರದು ಯಾವ ಬಣ್ಣ ಇರಬೇಕೋ ಅದೇ, ಒಳ್ಳೆಯ ಹದವಾದ, ಗಬ್ಬೆಂದು ನಾರುವ ಕಂದು. ಹಾಲಿ ಮೂಗಿನ ಸೆರಗು ಕಿತ್ತು ಇನ್ನೊಮ್ಮೆ ನೋಡಿದಳು. ಜರಡಿಗೆ ಸುರಿದು ನೀರು ಹುಯ್ದಳು, ಅವಸರಕ್ಕೆ ಅರ್ಧ ನೀರು ಕಾಲ ಮೇಲೆ ಬಿತ್ತು. ಎಲ್ಲ ಹರಿದುಹೋಗಿ ಜರಡಿಯ ಮೂಲೆಯಲ್ಲಿ ಒಂದು ಕಲ್ಲು ಉಳಿಯಿತು. ಬಟಾಣಿಗಿಂತ ಸಣ್ಣದು, ಕಪ್ಪು ಕಂದು, ಮೂಲೆ ಮೂಲೆಯಾಗಿ ನುಣ್ಣಗೆ ಸವೆದಿತ್ತು. ಇಷ್ಟು ಚೂರು! ಗುಂಡುಕಲ್ಲಿನಂಥ ಗಂಡಸನ್ನು ಮಲಗಿಸಿದ್ದು, ಕೀಳ್ ಕೋತಗಿರಿಯವರೆಗೂ ಜನರನ್ನು ಅಳಿಸಿದ್ದು ಈ ಚೂರು!

ಆಗ ಹಾಲಿ ಅತ್ತಳು. ಹೆಂಗಸರೆಲ್ಲ ಸೇರಿ ಅತ್ತ ದಿನ ಬಾರದ ಅಳು ಈಗ ಕಾಲುವೆಯ ದಂಡೆಯಲ್ಲಿ, ಜರಡಿ ತೊಡೆಯ ಮೇಲೆ ಇಟ್ಟುಕೊಂಡು, ಮೂಗು ಸುರಿಸಿಕೊಂಡು ಬಂತು. ಅಳುತ್ತಲೇ ಎದ್ದು ನಿಂತು ಮನೆಯ ಕಡೆ ತಿರುಗಿ ಕೂಗಿದಳು:

"ಜೋಗೀ! ಏ ಜೋಗೀ! ಬಣ್ಣ ಬಂತು ಕಣೋ! ನೀ ಸಾಯೋದಿಲ್ಲ ಕಣೋ ಜೋಗೀ!"

ಹೊಲದಲ್ಲಿ ಗೆಡ್ಡೆ ಕೀಳುತ್ತಿದ್ದವರ ಕೈ ನಿಂತವು. ಬಣ್ಣ ಯಾವುದು ಎಂದು ಅವರಿಗೆ ಗೊತ್ತಿಲ್ಲ. ಅವರು ಬೆಚ್ಚಿದ್ದು ಹೆಸರಿಗೆ. ಆ ಹಟ್ಟಿಯಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಬೆಳ್ಳಿಯ ಅಪ್ಪ ಅನ್ನಬೇಕು, ಇಲ್ಲವೆ ಏ ಅನ್ನಬೇಕು. ಇಪ್ಪತ್ತಾರು ವರ್ಷ ಹಾಲಿಯೂ ಅಷ್ಟೇ ಅಂದಿದ್ದಳು. ಕೆಂಪಿ ಮನೆಯಿಂದ ಓಡಿ ಬಂದಳು, ಅಣ್ಣ ಹೋದನೇ ಎಂದು ಅವಳ ಕೈ ಆಗಲೇ ತುರುಬಿಗೆ ಹೋಗಿತ್ತು. ಹಿರಿಯ ತನ್ನ ಮನೆ ಬಾಗಿಲಲ್ಲಿ ನಿಂತು, "ಇವಳಿಗೆ ತಲೆ ಕೆಟ್ಟಿತು," ಅಂದ.

ಜಗಲಿಯ ಮೇಲೆ ಜೋಗಿ ಮೊಣಕೈ ಊರಿ ಎದ್ದು ಕೂತ. ಕಣ್ಣು ಇನ್ನೂ ಹಳದಿಯೇ ಇತ್ತು, ಅದು ಇಳಿಯಲು ಇನ್ನು ಮೂರು ವಾರ ಬೇಕಿತ್ತು. ಕೆಳಗೆ ಕಾಲುವೆಯ ಬಳಿ ಜರಡಿ ಹಿಡಿದು ನಿಂತ ಹೆಂಡತಿಯನ್ನು ಅವನು ಕತ್ತು ನೀಡಿ ನೋಡಿದ. ಆಮೇಲೆ ಇದ್ದ ಉಸಿರೆಲ್ಲ ಕೂಡಿಸಿಕೊಂಡು ಕೂಗಿದ:

"ಕೇಳಿಸ್ತು. ಇನ್ನೊಂದು ಸಲ ಕರಿ."

ಹಾಲಿ ಮುಂಗೈಯಿಂದ ಮೂಗು ಒರೆಸಿಕೊಂಡು ಇನ್ನೊಂದು ಸಲ ಕರೆದಳು.